ಕಂಬಳದ ಓಟಗಾರರು ಮತ್ತು ಸ್ಪರ್ಧಾ ವಿಭಾಗಗಳು

ಕಂಬಳ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ಕಾಸರಗೋಡಿನ ತುಳು-ಕನ್ನಡ ಊರುಗಳಲ್ಲೂ ಬತ್ತದ ಕೊಯ್ಲು ಮುಗಿದ ಮೇಲೆ, ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ ನಡೆಯುವ ಕೋಣಗಳ ಓಟ. ಕೆಸರುಗದ್ದೆಯಲ್ಲಿ ಕಟ್ಟಿದ ಉದ್ದನೆಯ ಓಟದ ಹಾದಿಗೆ ‘ಕರೆ’ ಎನ್ನುತ್ತಾರೆ. ಅಕ್ಕಪಕ್ಕದಲ್ಲಿ ಎರಡು ಕರೆಗಳಿದ್ದರೆ ಅದು ಜೋಡುಕರೆ ಕಂಬಳ. ಅವಕ್ಕೆ ಅವಳಿ ವೀರರ ಅಥವಾ ದೇವತೆಗಳ ಹೆಸರಿಡುವುದು ವಾಡಿಕೆ. ಮೂಡುಬಿದಿರೆಯದು ಕೋಟಿ-ಚೆನ್ನಯ, ಮಿಯಾರಿನದು ಲವ-ಕುಶ, ವೇಣೂರಿನದು ಸೂರ್ಯ-ಚಂದ್ರ, ಐಕಳದ್ದು ಕಾಂತಾಬಾರೆ-ಬೂದಾಬಾರೆ. ಈ ಲೇಖನ ಕಂಬಳದ ಆಚರಣೆಗಳ ಕುರಿತದ್ದಲ್ಲ. ಕರೆಗೆ ಯಾವ ಜೋಡಿ ಇಳಿಯಬಹುದು, ಅದನ್ನು ಓಡಿಸುವವನು ಯಾರು, ಕಣದಲ್ಲಿರುವ ಸ್ಪರ್ಧಿಗಳ ಮಟ್ಟ ಯಾವುದರಿಂದ ಏರುತ್ತದೆ, ಇಳಿಯುತ್ತದೆ ಎಂಬುದಕ್ಕೆ ಸೀಮಿತ.

ಬೇರೆ ಪಂದ್ಯಗಳಂತೆ ಕಂಬಳದಲ್ಲೂ ಅರ್ಹತೆ ಓಡಿಸುವವನದು ಎಂದು ಹೊರಗಿನವರು ಮೊದಲು ತಪ್ಪು ತಿಳಿಯುತ್ತಾರೆ. ಮೋಟಾರ್ ಸೈಕಲ್ಲಿನ ಸ್ಪೀಡ್‌ವೇ ಪಂದ್ಯದಲ್ಲಿ ಬ್ರೇಕಿಲ್ಲದ ಬೈಕ್ ಹತ್ತಿ ನಾಲ್ವರು ಸವಾರರು ನಾಲ್ಕು ಸುತ್ತು ಹೊಡೆಯುತ್ತಾರೆ. ಅಲ್ಲಿ ಅರ್ಹತೆಯ ಪ್ರಶ್ನೆಯೆಲ್ಲ ಸವಾರನದು, ಅವನು ಯಾವ ದೇಶದ ಲೈಸೆನ್ಸ್ ಹಿಡಿದಿದ್ದಾನೆ ಎಂಬುದು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರೋರಿ ಶ್ಲೈನ್ 2020ರಲ್ಲಿ ಬ್ರಿಟಿಷ್ ಚಾಂಪಿಯನ್ ಆಗಲು ಸಾಧ್ಯವಾದದ್ದು ಅಂಥ ಲೈಸೆನ್ಸಿನಿಂದ. ಕಂಬಳದಲ್ಲಿ ಓಟಗಾರನ ಊರನ್ನು ಯಾರೂ ಕೇಳುವುದಿಲ್ಲ, ಕೇಳುವುದು ಕೋಣದ ಹಲ್ಲನ್ನು.

ಹಲ್ಲಿನ ಲೆಕ್ಕ

ಕೋಣಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಕೆಳದವಡೆಯಲ್ಲಿ ಎಂಟಿರುತ್ತವೆ. ಹಾಲುಹಲ್ಲು ಉದುರಿ ಅವುಗಳ ಜಾಗದಲ್ಲಿ ಅಗಲವಾದ ಕಾಯಂ ಹಲ್ಲು ಜೋಡಿಜೋಡಿಯಾಗಿ ಬರುತ್ತವೆ. ಮೊದಲು ನಡುವಿನ ಎರಡು, ಆಮೇಲೆ ನಾಲ್ಕು, ಆರು, ಕೊನೆಗೆ ಎಂಟು. ಮೊದಲ ಜೋಡಿ ಬರುವುದು ಸುಮಾರು ಎರಡೂವರೆ-ಮೂರು ವರ್ಷಕ್ಕೆ. ಎಂಟೂ ಕೂಡಿ ಬಾಯಿ ತುಂಬುವುದು ಐದು ವರ್ಷದ ಆಸುಪಾಸು ಅಥವಾ ಅದಕ್ಕೂ ಸ್ವಲ್ಪ ಆಚೆ. ಹುಟ್ಟಿದ ದಿನದ ಚೀಟಿ ಇಲ್ಲದ ಪ್ರಾಣಿಗೆ ಇದಕ್ಕಿಂತ ನಂಬಲರ್ಹ ಪುರಾವೆ ಬೇರೆ ಇಲ್ಲ.

ಘಟ್ಟದ ಮೇಲಿನವರಿಗೆ ಈ ವಿದ್ಯೆ ಹೊಸದಲ್ಲ. ಚಾಮರಾಜನಗರದ ಬದನಗುಪ್ಪೆಯ ರೈತ ಸುತ್ತೂರಿನಲ್ಲೋ ಮುಡುಕುತೊರೆಯಲ್ಲೋ ದನಗಳ ಜಾತ್ರೆಗೆ ಹೋದರೆ, ಬೆಲೆ ಮಾತಾಡುವುದಕ್ಕೆ ಮೊದಲು ಮಾಡುವ ಕೆಲಸವೂ ಇದೇ. ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳದುಟಿಯನ್ನು ಕೆಳಗೆಳೆದು, ಒಸಡಿನ ಮೇಲೆ ಬಿಳಿ ಎಷ್ಟಿದೆ, ಹಳದಿ ಎಷ್ಟಿದೆ ಎಂದು ಒಂದು ಗಳಿಗೆ ನೋಡುತ್ತಾನೆ. ‘ಹಾಲ್ಹಲ್ಲು’, ‘ಎರಡಲ್ಲು’, ‘ನಾಲ್ಕಲ್ಲು’, ‘ಬಾಯ್ಗೂಡಿದ್ದು’ ಎಂಬ ಮಾತುಗಳಲ್ಲಿ ಎತ್ತಿನ ವಯಸ್ಸೂ ಇದೆ, ಬೆಲೆಯೂ ಇದೆ. ಕರಾವಳಿಯಲ್ಲಿ ಅದೇ ಬಾಯಿ ಬಿಡಿಸುವ ಕೆಲಸ ಬೆಲೆ ಕಟ್ಟುವುದಕ್ಕಲ್ಲ, ಕಿರಿಯ-ಹಿರಿಯ ಎಂದು ವಿಂಗಡಿಸುವುದಕ್ಕೆ. ಎಳೆಯ ಹಲ್ಲಿನ ಕೋಣಗಳು ಕಿರಿಯ ವಿಭಾಗದಲ್ಲಿ, ಬಲಿತವು ಹಿರಿಯದಲ್ಲಿ. ತಕರಾರು ಎದ್ದರೆ ಮತ್ತೆ ತುಟಿ ಎಳೆದು ನೋಡುತ್ತಾರೆ. ಇದು ಕಣ್ಣಿಗೆ ಕಾಣುವ, ಎದುರಾಳಿಯೂ ಒಪ್ಪಬಹುದಾದ ಅರ್ಹತೆ. ಕಾಗದ ತಿದ್ದಬಹುದು, ಒಸಡು ತಿದ್ದಲಾಗದು.

ತೊಂದರೆ ಒಂದಿದೆ. ಕಂಬಳಕ್ಕೆ ಬೇಕಾದದ್ದು ಒಂಟಿ ಕೋಣವಲ್ಲ, ಜೋಡಿ. ಎಡದ ಕೋಣಕ್ಕೆ ಎಡವೇ ರೂಢಿ, ಬಲದ್ದಕ್ಕೆ ಬಲ. ಎರಡರ ಹೆಜ್ಜೆ ಕೂಡಿಬರಲು ತಿಂಗಳುಗಳೇ ಬೇಕು. ಒಂದಕ್ಕೆ ಮುಂಚೆ ಹಲ್ಲು ಬಂದು ಇನ್ನೊಂದು ಎಳೆಯದಾಗಿ ಉಳಿದರೆ ಯಜಮಾನ ಜೋಡಿ ಒಡೆಯಬೇಕು, ಇಲ್ಲವೇ ಮೇಲಿನ ವಿಭಾಗಕ್ಕೆ ಹೋಗಿ ಬಲಿತವುಗಳ ಎದುರು ಓಡಿಸಬೇಕು. ಆದ್ದರಿಂದ ಕೋಣ ಕೊಳ್ಳುವಾಗಲೇ ಹಲ್ಲು, ಮೈಕಟ್ಟು, ಮೆಟ್ಟು ಎಲ್ಲ ಹೊಂದುವ ಸಂಗಾತಿಯನ್ನು ಹುಡುಕುತ್ತಾರೆ.

ವಿಭಾಗಗಳು

ಆರು ವಿಭಾಗಗಳು ರೂಢಿಯಲ್ಲಿವೆ: ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಕೆಲವು ಕಡೆ ತೀರಾ ಎಳೆಯವಕ್ಕೆ ಸಬ್ ಜೂನಿಯರ್ ಎಂಬ ಇನ್ನೊಂದು ವಿಭಾಗ ಸೇರುತ್ತದೆ.

ನೇಗಿಲು ಎಂದರೆ ಉಳುವ ನೇಗಿಲಲ್ಲ, ಅದರ ಆಕಾರದ ಹಗುರ ಮರದ ಸಾಧನ. ಓಟಗಾರ ಅದರ ಹಿಡಿ ಹಿಡಿದು ಓಡುತ್ತಾನೆ. ಹೊಸ ಕೋಣಗಳ ಕಲಿಕೆ ಇಲ್ಲಿಂದಲೇ ಶುರು. ಹಗ್ಗದಲ್ಲಿ ಮರವೂ ಇಲ್ಲ. ನೊಗಕ್ಕೆ ಕಟ್ಟಿದ ಹಗ್ಗ ಒಂದೇ ಆಸರೆ. ಭಾರ ಕಡಿಮೆಯಾದ್ದರಿಂದ ವೇಗ ಹೆಚ್ಚು, ವೇಗ ಹೆಚ್ಚಾದಷ್ಟೂ ಕೋಣ ಕೈತಪ್ಪುವ ಭಯ ಹೆಚ್ಚು. ಪಳಗಿದ ಜೋಡಿ ಮತ್ತು ಪಳಗಿದ ಕೈ ಎರಡೂ ಇದ್ದರೆ ಮಾತ್ರ ಹಗ್ಗ ಹಿರಿಯದಲ್ಲಿ ಹೆಸರು ಬರುತ್ತದೆ. ಅಡ್ಡಹಲಗೆಯಲ್ಲಿ ಓಟಗಾರ ಓಡುವುದಿಲ್ಲ, ಅಡ್ಡಕ್ಕೆ ಕಟ್ಟಿದ ಹಲಗೆಯ ಮೇಲೆ ನಿಲ್ಲುತ್ತಾನೆ.

ಕನೆಹಲಗೆ ಇವೆಲ್ಲಕ್ಕಿಂತ ಬೇರೆ. ಇಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ಓಟಗಾರ ತೂತುಗಳಿರುವ ಮರದ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ. ಕೋಣ ಎಳೆದಂತೆ ಕೆಸರುನೀರು ಆ ತೂತಿನಿಂದ ಕಾರಂಜಿಯ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯೇ ನಿಶಾನೆ. ಒಂದು ಆರೂವರೆ ಕೋಲು ಎತ್ತರದಲ್ಲಿ, ಇನ್ನೊಂದು ಏಳೂವರೆ ಕೋಲಿನಲ್ಲಿ. ನೀರು ಬಟ್ಟೆಗೆ ತಾಗಿತೇ ಇಲ್ಲವೇ ಎಂಬುದೇ ತೀರ್ಪು. ಸರಿಯಾದ ಜಾಗಕ್ಕೆ ಬಂದಾಗ ಮೈಭಾರವನ್ನು ಹಲಗೆಯ ಮೇಲೆ ಹಾಕುವ ಹದ ಗೊತ್ತಿಲ್ಲದವನ ಕೆಳಗೆ ಎಷ್ಟು ಬಲದ ಕೋಣವಿದ್ದರೂ ನೀರು ಮೊಳಕಾಲೆತ್ತರಕ್ಕೆ ಬಂದು ಬೀಳುತ್ತದೆ. ಫಲಿತಾಂಶ ಬರೆಯುವಾಗಲೂ ಭಾಷೆ ಬೇರೆಯಾಗುತ್ತದೆ. ಹಗ್ಗ, ನೇಗಿಲುಗಳಲ್ಲಿ ‘ಓಡಿಸಿದವರು’ ಎಂದಿದ್ದರೆ ಹಲಗೆಯಲ್ಲಿ ‘ಹಲಗೆ ಮುಟ್ಟಿದವರು’. ಹಗ್ಗದ ಓಟಗಾರ ಬೇರೆ, ಹಲಗೆಯ ಓಟಗಾರ ಬೇರೆ ಎಂಬ ತಿಳಿವಳಿಕೆ ಆ ಎರಡು ಪದಗಳಲ್ಲೇ ಇದೆ.

ಓಟಗಾರ

ಓಟ ಶುರುವಾಗುವ ಜಾಗ ಗಂತು, ಮುಗಿಯುವ ಜಾಗ ಮಂಜೊಟ್ಟಿ. ಗಂತಿನಲ್ಲಿ ಎರಡೂ ಕರೆಯ ಕೋಣಗಳು ಒಟ್ಟಿಗೆ ನೇರವಾಗಿ ನಿಂತರೆ ಮಾತ್ರ ಬಿಡುತ್ತಾರೆ. ಒಂದು ಜೋಡಿ ನಿಂತಾಗ ಇನ್ನೊಂದು ತಿರುಗುತ್ತದೆ. ಅದನ್ನು ಸರಿಮಾಡುವಷ್ಟರಲ್ಲಿ ಮೊದಲನೆಯದು ಹಿಂದೆ ಸರಿಯುತ್ತದೆ. ಸುಮಾರು 120ರಿಂದ 160 ಮೀಟರ್ ಉದ್ದದ ಕರೆಯ ಓಟ ಹತ್ತು-ಹದಿನೈದು ಸೆಕೆಂಡಿನದು, ಅದಕ್ಕೆ ಮುಂಚಿನ ಕಾಯುವಿಕೆ ಬಹಳ ದೊಡ್ಡದು. ಬೆಳಗ್ಗೆ ಶುರುವಾದ ಕಂಬಳ ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ನಡೆದು ಮರುದಿನ ಫೈನಲ್ ಮುಟ್ಟುವುದಕ್ಕೆ ಮುಖ್ಯ ಕಾರಣ ಇದೇ. 24 ಗಂಟೆಯೊಳಗೆ ಮುಗಿಸಬೇಕು ಎಂಬ ಮಾತು ಪ್ರತಿ ಸೀಸನ್ನಿನಲ್ಲೂ ಕೇಳುತ್ತದೆ.

ಓಟಗಾರ ಸಾಮಾನ್ಯವಾಗಿ ಕೋಣದ ಒಡೆಯನಲ್ಲ. ಯಜಮಾನರ ಮನೆಯವರು ಕರೆಸಿಕೊಳ್ಳುವ ಪರಿಣತ. ಒಂದೇ ದಿನ ಅವನು ನೇಗಿಲಿನಲ್ಲಿ ಒಂದು ಮನೆಯ ಜೋಡಿಯನ್ನೂ ಹಗ್ಗದಲ್ಲಿ ಇನ್ನೊಂದು ಮನೆಯದನ್ನೂ ಓಡಿಸಬಹುದು. ಸ್ಪರ್ಧೆಯ ಮಟ್ಟದ ಗುಟ್ಟು ಇರುವುದು ಇಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ. ಕಣದಲ್ಲಿ ನೂರಕ್ಕೂ ಮಿಕ್ಕಿ ಜೋಡಿಗಳಿದ್ದರೂ ಅವುಗಳ ಹಿಂದೆ ಓಡುವ ಉತ್ತಮ ಕಾಲುಗಳು ಬೆರಳೆಣಿಕೆಯವು. ತಾನೇ ಓಡಿಸಬೇಕಾದ ಎರಡು ಜೋಡಿಗಳು ಒಂದೇ ಸುತ್ತಿನಲ್ಲಿ ಎದುರುಬದುರಾದರೆ ಒಬ್ಬ ಮನುಷ್ಯ ಎರಡೂ ಕರೆಯಲ್ಲಿ ಓಡಲಾರ. ಒಂದಕ್ಕೆ ಎರಡನೆಯ ದರ್ಜೆಯ ಕೈ ಸಿಗುತ್ತದೆ. ಹೀಗಾಗಿ ಕೋಣಗಳ ಸಂಖ್ಯೆ ನೋಡಿ ಕಂಬಳದ ಗುಣ ಅಳೆಯುವುದು ಸರಿಯಲ್ಲ.

ಈ ಕೊರತೆ ತುಂಬಲೆಂದೇ ಕಾರ್ಕಳದ ಬಳಿಯ ಮಿಯಾರಿನಲ್ಲಿ ಗುಣಪಾಲ ಕಡಂಬರ ಮುಂದಾಳತ್ವದಲ್ಲಿ ಕಂಬಳ ಅಕಾಡೆಮಿ ಓಟಗಾರರಿಗೆ ತರಬೇತಿ ಶಿಬಿರ ನಡೆಸತೊಡಗಿತು. ಅದಕ್ಕೂ ಮುಂಚೆ ವಿದ್ಯೆ ಹಬ್ಬುತ್ತಿದ್ದದ್ದು ನೋಡಿ ಕಲಿತು, ಸ್ಪರ್ಧೆಯಿಲ್ಲದ ‘ಕುದಿ’ ಕಂಬಳಗಳಲ್ಲಿ ಅಭ್ಯಾಸ ಮಾಡಿ.

ಯಾರು ಓಡಬಹುದು ಎಂಬ ಪ್ರಶ್ನೆಗೆ ಹಳೆಯ, ಕಹಿಯಾದ ಇನ್ನೊಂದು ಮುಖವೂ ಇದೆ. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. ಅದಕ್ಕೆ ‘ಪನಿ ಕುಲ್ಲುನು’ ಎಂದು ಹೆಸರು. ಕೋಣಗಳಿಗಿಂತ ಮುಂಚೆ ಅವರನ್ನು ಕರೆಯಲ್ಲಿ ಓಡಿಸುವ ಪದ್ಧತಿಯೂ ಇತ್ತು. ಅದು ಸ್ಪರ್ಧೆಯ ಅವಕಾಶವಾಗಿರಲಿಲ್ಲ, ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿಯಾಗಿತ್ತು. ಇಂಥ ‘ಅಜಲು’ ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಿತು. ಇಂದು ಓಟಗಾರರಲ್ಲಿ ಬೇರೆ ಬೇರೆ ಸಮುದಾಯದವರಿದ್ದಾರೆ. ಕರೆಯಲ್ಲಿ ಗೆದ್ದವನನ್ನು ಮಂಜೊಟ್ಟಿಯಲ್ಲಿ ಹೆಗಲ ಮೇಲೆ ಹೊರುತ್ತಾರೆ.

ಸೆಕೆಂಡುಗಳ ಗದ್ದಲ

2020ರ ಫೆಬ್ರವರಿ 1ರಂದು ಐಕಳದಲ್ಲಿ ಮೂಡುಬಿದಿರೆ ಕಡೆಯ ಮಿಜಾರಿನ ಶ್ರೀನಿವಾಸ ಗೌಡ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಅಷ್ಟು ಸಾಕಾಯಿತು, ಕೆಲವೇ ದಿನಗಳಲ್ಲಿ ಹೆಸರು ದೇಶವೆಲ್ಲ ಹಬ್ಬಿ, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆಸುವುದಾಗಿ ಹೇಳಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ಸೆಕೆಂಡು ತೆಗೆದುಕೊಂಡರು. ಭಾಗಿಸಿದರೆ 9.51.

ಲೆಕ್ಕ ತಪ್ಪಲ್ಲ, ಹೋಲಿಕೆ ತಪ್ಪು. ಬೋಲ್ಟ್‌ನನ್ನು ಯಾರೂ ಎಳೆಯುತ್ತಿರಲಿಲ್ಲ. ಹಗ್ಗ ಹಿಡಿದವನನ್ನು ಎರಡು ಕೋಣಗಳು ಎಳೆಯುತ್ತವೆ. ಅದಕ್ಕೆ ಪ್ರತಿಯಾಗಿ ಕಾಲಡಿಯ ಕೆಸರು ಹಿಂದಕ್ಕೆಳೆಯುತ್ತದೆ. ಅಲ್ಲದೆ ಓಟದ ಮೊದಲ ಕೆಲವು ಹೆಜ್ಜೆಗಳು ಎಲ್ಲರಿಗೂ ನಿಧಾನ. ದೂರ ಹೆಚ್ಚಿದಷ್ಟೂ ಸರಾಸರಿ ವೇಗ ಏರುತ್ತದೆ, ಭಾಗಾಕಾರಕ್ಕೆ ಅದು ತಿಳಿಯುವುದಿಲ್ಲ. ಈ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರು ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಡುತ್ತೇವೆ, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕು ಎಂದು ಹೇಳಿ ಅವರು ಪರೀಕ್ಷೆಗೆ ಹೋಗದೆ ಕರೆಯಲ್ಲೇ ಉಳಿದರು.

ಕರೆಗಳ ಉದ್ದ ಊರಿಂದೂರಿಗೆ ಬೇರೆ; ನೀರಿನ ಆಳ, ಮಣ್ಣಿನ ಹದವೂ ಬೇರೆ. ಗೆಲುವನ್ನು ಲೇಸರ್ ಕಿರಣ, ವಿಡಿಯೊಗಳ ನೆರವಿನಿಂದ ಸೆಕೆಂಡಿನ ನೂರರ ಭಾಗದವರೆಗೆ ಅಳೆಯುತ್ತಾರಾದರೂ, ಆ ಅಂಕಿ ಅದೇ ಕರೆಯ ಪಕ್ಕದ ಜೋಡಿಯ ಎದುರು ಮಾತ್ರ ನ್ಯಾಯ ಹೇಳುತ್ತದೆ. ಐಕಳದ ಸಮಯವನ್ನು ವೇಣೂರಿಗೆ ಹೊತ್ತೊಯ್ದರೆ ಅದು ಪಟ್ಟಾಂಗಕ್ಕೆ ವಸ್ತು.

ಕಾನೂನು ಮತ್ತು ಬೆಂಗಳೂರು

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳ ವಿರುದ್ಧ ನೀಡಿದ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. ಪೇಟಾ ಸಂಸ್ಥೆಯ ಅರ್ಜಿಯ ಮೇಲೆ 2016ರ ನವೆಂಬರಿನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ವಿಧಾನಮಂಡಲ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಯ ತಿದ್ದುಪಡಿ ಮಸೂದೆ ಅಂಗೀಕರಿಸಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರಗಳ ಕಾಯ್ದೆಗಳೊಂದಿಗೆ ಕರ್ನಾಟಕದ ಕಾಯ್ದೆಯನ್ನೂ ಎತ್ತಿಹಿಡಿಯಿತು. ಓಟಗಾರನ ಕೈಯ ಬೆತ್ತ ಅಂದಿನಿಂದ ಎಲ್ಲರ ಕಣ್ಣಲ್ಲಿದೆ.

ಅದೇ ವರ್ಷ ನವೆಂಬರ್ 25-26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ 155 ಮೀಟರ್ ಉದ್ದದ ಕರೆ ತೋಡಿ ಕಂಬಳ ನಡೆಸಿದರು. ನೂರೈವತ್ತರ ಆಸುಪಾಸು ಜೋಡಿಗಳು ಲಾರಿಯಲ್ಲಿ ಘಟ್ಟ ಹತ್ತಿ ಬಂದವು, ಜೊತೆಗೆ ಅವುಗಳ ಹುಲ್ಲು, ಹುರುಳಿ. ಮೊದಲ ಸ್ಥಾನಕ್ಕೆ 16 ಗ್ರಾಂ ಚಿನ್ನ ಮತ್ತು ಒಂದು ಲಕ್ಷ ರೂಪಾಯಿ. ಇದನ್ನು ರಾಜ್ಯ ಮಟ್ಟದ, ರಾಷ್ಟ್ರ ಮಟ್ಟದ ಕಂಬಳದತ್ತ ಹೆಜ್ಜೆ ಎಂದು ಹೊಗಳಿದವರುಂಟು. ಜಾಗವೇನೋ ಬದಲಾಗಿತ್ತು, ಕಣ ಬದಲಾಗಿರಲಿಲ್ಲ. ಮಿಯಾರು, ಐಕಳ, ಪೈವಳಿಕೆಗಳ ಕರೆಗಿಳಿಯುವ ಮನೆಗಳ ಕೋಣಗಳೇ ಅಲ್ಲಿಯೂ ಓಡಿದವು, ಅವುಗಳ ಹಿಂದೆ ಅದೇ ಓಟಗಾರರು. ಬಯಲುಸೀಮೆಯ ಗಾಡಿ ಓಟದಲ್ಲಿ ಹಗ್ಗ ಹಿಡಿದು ಬೆಳೆದ ಹುಡುಗ ಒಣನೆಲದಲ್ಲಿ ಎಷ್ಟೇ ಗಟ್ಟಿಗನಾಗಿರಲಿ, ಕೆಸರಿನ ಕಾಲು ಅವನಿಗೆ ಹೊಸದಾಗಿ ಬರಬೇಕು. ಅಂಥವನು ಬರಬಾರದೆಂಬ ನಿಯಮವೇನೂ ಇಲ್ಲ.

ಹೆಸರು ಸಲ್ಲುವ ಬಗೆ

ಬಹುಮಾನ ಸಲ್ಲುವುದು ಕೋಣದ ಯಜಮಾನರಿಗೆ. ಮೈಕಿನಲ್ಲಿ ಮೊದಲು ಊರಿನ ಹೆಸರು, ಆಮೇಲೆ ಮನೆಯ ಹೆಸರು, ಆಮೇಲೆ ಯಜಮಾನರದು. ಒಂದೇ ಮನೆಯಿಂದ ಎರಡು ಜೋಡಿ ಬಂದಿದ್ದರೆ ಕೊನೆಗೆ ‘ಎ’ ಅಥವಾ ‘ಬಿ’ ಎಂದು ಸೇರುತ್ತದೆ. ಮರುದಿನದ ಪತ್ರಿಕೆಯಲ್ಲೂ ಅದೇ ಕ್ರಮ. ಓಟಗಾರನ ಹೆಸರು ಅದರ ಮುಂದೆ, ಕಂಸದೊಳಗೆ ಬರುತ್ತದೆ.