ಮೀನುಗಾರರ ಮಾತನ್ನು ಬರೆದುಕೊಂಡ ವಿಜ್ಞಾನಿ

ತಂದೆ ಅಂಗಡಿ ಮುಚ್ಚಿ ಬರುವಾಗ ತಂದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇದ್ದರೆ ನಮ್ಮಲ್ಲಿ ಜಗಳ ಖಂಡಿತ. ಆ ಮೀನು ಮೊಟ್ಟೆ ಇಡಲು ಯಾವಾಗ, ಎಲ್ಲಿಗೆ ಹೋಗುತ್ತಿತ್ತು ಎಂದು ನಾವು ಯಾರೂ ಕೇಳಲಿಲ್ಲ. ಅದನ್ನೇ ಕೇಳುತ್ತಾ ಜೀವನ ಕಳೆದವರು ರಾಬರ್ಟ್ ಜೊಹಾನ್ಸ್.

ಕೆನಡಾದಲ್ಲಿ ಹುಟ್ಟಿದ ಜೊಹಾನ್ಸ್ ಹವಳದ ದಿಬ್ಬಗಳನ್ನು ಅಧ್ಯಯನ ಮಾಡಿದ ಸಾಗರ ಜೀವವಿಜ್ಞಾನಿ. 1970ರ ದಶಕದಲ್ಲಿ ಅವರು ಫಿಲಿಪ್ಪೀನ್ಸ್‌ನ ಪೂರ್ವಕ್ಕಿರುವ ಪಲಾವು ದ್ವೀಪಗಳಿಗೆ ಹೋದರು. ಉಪಕರಣಗಳನ್ನು ಬದಿಗಿಟ್ಟು ಮೀನುಗಾರರ ಜೊತೆ ದೋಣಿ ಹತ್ತಿ, ಅವರು ಹೇಳಿದ್ದನ್ನು ಬರೆದುಕೊಂಡರು. ಅವರ ದೊಡ್ಡ ಗುರು ಎಂಗಿರಾಕ್ಲಾಂಗ್ ಎಂಬ ಹಿರಿಯ ಮೀನುಗಾರ. ಯಾವ ಮೀನು ಚಂದ್ರನ ಎಷ್ಟನೆಯ ದಿನ ಮೊಟ್ಟೆ ಇಡುತ್ತದೆ ಎಂಬ ವಿಷಯದಲ್ಲಿ ಆ ಅಜ್ಜನಿಗೆ ಗೊತ್ತಿದ್ದಷ್ಟು ಅಂದಿನ ವಿಜ್ಞಾನದ ಪುಸ್ತಕಗಳಲ್ಲೂ ಇರಲಿಲ್ಲ. ಅಲ್ಲಿನ ಹದಿನಾರು ತಿಂಗಳಲ್ಲಿ ಕಲಿತದ್ದು ಹಿಂದಿನ ಹದಿನೈದು ವರ್ಷಗಳ ಸಂಶೋಧನೆಗಿಂತ ಹೆಚ್ಚು ಎಂದು ಜೊಹಾನ್ಸ್ ಒಪ್ಪಿಕೊಂಡರು. 1981ರಲ್ಲಿ ಅದೆಲ್ಲ ‘ವರ್ಡ್ಸ್ ಆಫ್ ದ ಲಗೂನ್’ ಎಂಬ ಪುಸ್ತಕವಾಯಿತು.

ನಾನು ಡಿಪ್ಲೊಮಾ ಓದಿದವನು, ಅಳತೆ ಇಲ್ಲದ ಮಾತು ನಂಬುವುದಿಲ್ಲ. ಆದರೂ ಬೇರಿಂಗ್ ಹಾಳಾದದ್ದನ್ನು ಸದ್ದಿನಲ್ಲೇ ಹೇಳುವ ಹಳೆಯ ಮೆಕ್ಯಾನಿಕ್‌ಗಳನ್ನು ಕಂಡಿದ್ದೇನೆ.

ಚಂದ್ರನಿಗೂ ಮೀನಿಗೂ ಏನು ಸಂಬಂಧ? ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ–ಇಳಿತ ಜೋರು. ಹಲವು ಮೀನುಗಳು ಆಗ ಹವಳದ ದಿಬ್ಬದ ಹೊರ ಅಂಚಿನಲ್ಲಿ ಸೇರುತ್ತವೆ. ದಿಬ್ಬದಲ್ಲಿ ತಿನ್ನುವ ಬಾಯಿಗಳು ಬಹಳ. ಇಳಿತದ ನೀರು ಮೊಟ್ಟೆಗಳನ್ನು ಅವುಗಳಿಂದ ದೂರ, ಆಳ ಸಮುದ್ರಕ್ಕೆ ಒಯ್ಯುತ್ತದೆ ಎಂಬುದು ಜೊಹಾನ್ಸ್ ಅವರ ವಿವರಣೆ.

ತೊಂದರೆಯೂ ಅಲ್ಲೇ ಇದೆ. ಗಲ್ಫಿನಲ್ಲಿ ಹಮೂರ್, ನಮ್ಮಲ್ಲಿ ಮುರುಮೀನು ಎನ್ನುವ ಬಳಗದ ಹಲವು ಜಾತಿಗಳು ಪ್ರತಿವರ್ಷ ಅದೇ ಜಾಗಕ್ಕೆ ಗುಂಪಾಗಿ ಬರುತ್ತವೆ. ಜಾಗ, ದಿನ ಗೊತ್ತಾದರೆ ಕೆಲವೇ ವರ್ಷಗಳಲ್ಲಿ ಗುಂಪನ್ನೇ ಮುಗಿಸಬಹುದು. ಹಿಂದೆ ಪಲಾವಿನಲ್ಲಿ ದಿಬ್ಬ ಆಯಾ ಊರಿನದ್ದು. ಊರ ಮುಖಂಡರು ಬೇಡವೆಂದರೆ ಬಲೆ ಬೀಳುತ್ತಿರಲಿಲ್ಲ. ಹೊರಗಿನವರ ಆಡಳಿತ, ಹಣದ ವ್ಯಾಪಾರ ಬಂದಮೇಲೆ ಆ ಮಾತು ಸಡಿಲವಾಯಿತು. ಪೆಸಿಫಿಕ್ ದ್ವೀಪಗಳಲ್ಲೆಲ್ಲ ಹೀಗೇ ಆದದ್ದನ್ನು ಜೊಹಾನ್ಸ್ 1978ರಲ್ಲೇ ಬರೆದಿದ್ದರು. 1995ರಲ್ಲಿ ಮೈಕಲ್ ರೀಪನ್ ಜೊತೆಗೂಡಿ, ಹಾಂಗ್‌ಕಾಂಗ್‌ನಂಥ ಊರುಗಳ ಹೋಟೆಲುಗಳಿಗೆ ಜೀವಂತ ಮೀನು ಸಾಗಿಸುವ ವ್ಯಾಪಾರದ ಬಗ್ಗೆ ಎಚ್ಚರಿಸಿದರು. ಮೀನಿಗೆ ಮತ್ತು ಬರಿಸಲು ಸಯನೈಡ್ ಬಳಸುತ್ತಿದ್ದ ದಂಧೆ ಅದು.

ಪೂರ್ತಿ ಲೆಕ್ಕ ಸಿಗುವವರೆಗೆ ಕಾಯಬೇಡಿ, ಗೊತ್ತಿರುವಷ್ಟರಿಂದಲೇ ಕಾಪಾಡಲು ಶುರುಮಾಡಿ ಎಂದು 1998ರಲ್ಲಿ ವಾದಿಸಿದರು. 2002ರಲ್ಲಿ ತೀರಿಕೊಂಡರು. ಪಲಾವು 1994ರಲ್ಲೇ ಕಾನೂನು ಮಾಡಿ, ಮುರುಮೀನಿನ ಕೆಲವು ಜಾತಿಗಳನ್ನು ಏಪ್ರಿಲ್‌ನಿಂದ ಜುಲೈವರೆಗೆ ಹಿಡಿಯುವುದನ್ನು ನಿಲ್ಲಿಸಿತ್ತು. ಮೊಟ್ಟೆ ಇಡಲು ಸೇರುವ ಮೀನುಗಳನ್ನು ಕಾಪಾಡುವುದು ಅದರ ಉದ್ದೇಶ.