ಚಂದಾದಾರನ ದಾವೆ: ಸೊಲ್ಲಾಪುರ ಸೀಮೆಯಲ್ಲಿ ಒಂದು ಹಕ್ಕು ನಡೆದು ಬಂದ ದಾರಿ

ಮುಂಗಡ ಹಣ ಕಟ್ಟಿ, ಗೊತ್ತುಪಡಿಸಿದ ಅವಧಿಯವರೆಗೆ ಸರಕು ಇಲ್ಲವೇ ಸೇವೆ ಪಡೆಯುವ ಕರಾರಿಗೆ ಚಂದಾ ಎಂದು ಹೆಸರು. ಅವಧಿ ಮುಗಿಯುವ ಮೊದಲೇ ಕಂಪನಿ ಚಂದಾ ರದ್ದು ಮಾಡಿದರೆ, ಅಥವಾ ಚಂದಾದಾರ ಬೇಡವೆಂದ ಮೇಲೂ ಹಣ ಕಡಿಯುತ್ತಲೇ ಇದ್ದರೆ, ಆ ಹಣವನ್ನು ಮರಳಿ ಕೇಳುವ ಹಕ್ಕು ಭಾರತದಲ್ಲಿ 1872ರ ಕರಾರು ಕಾಯ್ದೆಯಷ್ಟು ಹಳೆಯದು. ಆದರೆ ಆ ಹಕ್ಕನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವುದು ನೂರು ವರ್ಷಕ್ಕೂ ಹೆಚ್ಚು ಕಾಲ ಸಾಮಾನ್ಯ ಚಂದಾದಾರನಿಗೆ ಗಿಟ್ಟುವ ಕೆಲಸವಾಗಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಈ ಕಥೆಗೆ ಮೂರು ಗಡಿಗಳಿವೆ. ಮೊದಲನೆಯದು ಸಂಸ್ಥಾನದ ಗಡಿ, ಎರಡನೆಯದು ರಾಜ್ಯದ ಗಡಿ, ಮೂರನೆಯದು ಚಿಂಚೋಳಿ ಎಂಐಡಿಸಿಯಂಥ ಕೈಗಾರಿಕಾ ವಸಾಹತಿನ ಕಾರ್ಖಾನೆಯ ಗೇಟು. ದೂರು ಎಲ್ಲಿ ಕೊಡಬೇಕು, ಕೊಡಬಹುದೇ ಎಂಬುದನ್ನು ಒಂದೊಂದು ಕಾಲಕ್ಕೆ ಒಂದೊಂದು ಗಡಿ ತೀರ್ಮಾನಿಸಿದೆ.

ಚಂದಾ ಎಂಬ ಮಾತು ಫಾರಸಿಯ 'ಚಂದ್' ಎಂಬುದರಿಂದ ಬಂದದ್ದು. ಇಷ್ಟು, ಕೆಲವು ಎಂದು ಅದರ ಅರ್ಥ. ಸೊಲ್ಲಾಪುರದ ಮರಾಠಿಯಲ್ಲಿ ಇದಕ್ಕೆ ವರ್ಗಣಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಕಡೆ ಜಾತ್ರೆಗೋ ಗಣಪತಿಗೋ ಮನೆಮನೆಯಿಂದ ಹಣ ಕೂಡಿಸುವುದು ಪಟ್ಟಿ ಎತ್ತುವುದು. ಪಟ್ಟಿಗೂ ಕಂಪನಿಯ ಚಂದಾಕ್ಕೂ ಕಾಯ್ದೆಯ ಕಣ್ಣಿನಲ್ಲಿ ದೊಡ್ಡ ವ್ಯತ್ಯಾಸವಿದೆ. ಪಟ್ಟಿ ಕೊಟ್ಟವನಿಗೆ ತನಗಾಗಿ ಬರಬೇಕಾದದ್ದು ಏನೂ ಇರುವುದಿಲ್ಲ, ಅವನು ಕೊಟ್ಟದ್ದು ವಂತಿಗೆ. ಪತ್ರಿಕೆಗೆ, ಟೆಲಿಫೋನಿಗೆ, ಕೇಬಲ್ ಟಿವಿಗೆ ಚಂದಾ ಕಟ್ಟಿದವನು ಮಾತ್ರ ಪ್ರತಿಫಲ ಕೊಟ್ಟು ಕರಾರು ಮಾಡಿಕೊಂಡವನು. ಕರಾರು ಮುರಿದವರು ನಷ್ಟ ತುಂಬಿಕೊಡಬೇಕೆಂದು 1872ರ ಕಾಯ್ದೆಯ 73ನೇ ಕಲಮು ಹೇಳುತ್ತದೆ.

ಹಳ್ಳಿಯ ಮಟ್ಟಿಗೆ ಚಂದಾ ವ್ಯವಹಾರವನ್ನು ನಡೆಸಿದ್ದು ಅಂಚೆ. 1877ರಲ್ಲಿ ಭಾರತದ ಅಂಚೆ ಇಲಾಖೆ ವಿ.ಪಿ. ಪದ್ಧತಿಯನ್ನು ತಂದಿತು. ಅಂಚೆಯವನು ಕಟ್ಟು ತಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅದರ ಮೇಲೆ ಬರೆದ ಹಣ ಎಣಿಸಿ ಕೊಟ್ಟರೆ ಕಟ್ಟು ಕೈಗೆ ಬರುತ್ತದೆ, ಇಲ್ಲವಾದರೆ ಬಂದ ದಾರಿಯಲ್ಲೇ ಮರಳುತ್ತದೆ. ದೂರದ ಊರಿನ ಮಾರಾಟಗಾರನಿಗೂ ಕೊಳ್ಳುವವನಿಗೂ ನಡುವೆ ನಂಬಿಕೆಯ ಕೊರತೆಯನ್ನು ಈ ಪದ್ಧತಿ ಒಂದು ಮಟ್ಟಕ್ಕೆ ತುಂಬಿತು. ವರ್ಷದ ಚಂದಾ ಮೊದಲೇ ಕಳಿಸಿದವನಿಗೆ ಈ ರಕ್ಷಣೆ ಇರಲಿಲ್ಲ. ಸಂಚಿಕೆ ಬರದಿದ್ದರೆ ಪ್ರಕಾಶಕ 'ಅಂಚೆಗೆ ಹಾಕಿದ್ದೇವೆ' ಎನ್ನಬಹುದಿತ್ತು. ದಾರಿಯಲ್ಲಿ ಕಳೆದುಹೋದದ್ದಕ್ಕೋ ತಡವಾದದ್ದಕ್ಕೋ ಅಂಚೆ ಇಲಾಖೆ ಹೊಣೆಯಲ್ಲವೆಂದು 1898ರ ಅಂಚೆ ಕಚೇರಿ ಕಾಯ್ದೆಯ 6ನೇ ಕಲಮು ಸಾರಿತ್ತು. ಹೀಗೆ ಚಂದಾದಾರ ಇಬ್ಬರ ನಡುವೆ ಸಿಕ್ಕಿಬೀಳುತ್ತಿದ್ದ.

ದಾವೆ ಹೂಡುವುದಾದರೆ ಸಿವಿಲ್ ಕೋರ್ಟೇ ಗತಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನ ಪ್ರಕಾರ ಪ್ರತಿವಾದಿ ವಾಸಿಸುವ ಇಲ್ಲವೇ ವ್ಯಾಪಾರ ಮಾಡುವ ಊರಿನಲ್ಲಿ, ಅಥವಾ ದಾವೆಯ ಕಾರಣ ಹುಟ್ಟಿದ ಸ್ಥಳದಲ್ಲಿ ದಾವೆ ಹಾಕಬೇಕು. ಮುಂಬಯಿಯ ಕಂಪನಿಯ ಮೇಲೆ ದಾವೆ ಹೂಡುವವನು ಹಲವು ಬಾರಿ ಮುಂಬಯಿಗೇ ಹೋಗಬೇಕಾಗುತ್ತಿತ್ತು. ಅಕ್ಕಲಕೋಟೆಯವರಿಗೆ ಇನ್ನೊಂದು ತೊಡಕೂ ಇತ್ತು. ಸೊಲ್ಲಾಪುರ ಮುಂಬಯಿ ಪ್ರಾಂತದ ಜಿಲ್ಲೆ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ಪಕ್ಕದ ಆಳಂದ, ಅಫಜಲಪುರ ನಿಜಾಮನ ಹೈದರಾಬಾದಿಗೆ ಸೇರಿದವು. ಒಂದೇ ಭಾಷೆ ಆಡುವ, ಹೆಣ್ಣು ಕೊಟ್ಟು ತಂದುಕೊಳ್ಳುವ ಊರುಗಳ ನಡುವೆ ಮೂರು ಬೇರೆ ಬೇರೆ ನ್ಯಾಯವ್ಯವಸ್ಥೆಗಳಿದ್ದವು. ಸಂಸ್ಥಾನದ ಕೋರ್ಟು ಕೊಟ್ಟ ಡಿಕ್ರಿಯನ್ನು ಬ್ರಿಟಿಷ್ ಮುಲುಕಿನಲ್ಲಿ ನೇರವಾಗಿ ಜಾರಿ ಮಾಡಬೇಕಾದರೆ, ಅದೇ ಸಂಹಿತೆಯ 44ನೇ ಕಲಮಿನಂತೆ ಸರ್ಕಾರ ಆ ಸಂಸ್ಥಾನದ ಕೋರ್ಟುಗಳ ಬಗ್ಗೆ ಅಧಿಸೂಚನೆ ಹೊರಡಿಸಿರಬೇಕಿತ್ತು. 1948ರಲ್ಲಿ ಅಕ್ಕಲಕೋಟೆ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಆ ಗಡಿ ಅಳಿಯಿತು. ಖರ್ಚಿನ ಹೊರೆ ಮಾತ್ರ ಇಳಿಯಲಿಲ್ಲ. ಕೋರ್ಟು ಫೀ, ವಕೀಲರ ಫೀ, ತಾರೀಖಿನಿಂದ ತಾರೀಖಿಗೆ ಅಲೆದಾಟ ಎಲ್ಲ ಕೂಡಿದರೆ ಕೆಲವೇ ರೂಪಾಯಿಯ ಚಂದಾಕ್ಕೆ ಮೂಗಿಗಿಂತ ಮೂಗುತಿ ಭಾರ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಇಂಥ ದಾವೆಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಸೊಲ್ಲಾಪುರದಿಂದ ಹೊರಟ ಕಂಪನಿ ವ್ಯಾಜ್ಯಗಳಲ್ಲಿ ಹೆಸರಾದದ್ದು ಗಿರಣಿಯ ಷೇರುದಾರರದು. ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯ ಗಿರಣಿ 1949ರಲ್ಲಿ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಅದರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಚಿರಂಜಿತ್ ಲಾಲ್ ಚೌಧುರಿ ಎಂಬ ಷೇರುದಾರ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿ 1950ರ ಡಿಸೆಂಬರಿನಲ್ಲಿ ಸೋತರು. ಸರ್ಕಾರ ನೇಮಿಸಿದ ನಿರ್ದೇಶಕರು ಪ್ರತಿ ಪ್ರಿಫರೆನ್ಸ್ ಷೇರಿಗೆ ಇನ್ನೂ 50 ರೂಪಾಯಿ ಕಟ್ಟಬೇಕೆಂದು ಕರೆ ಕಳಿಸಿದಾಗ ದ್ವಾರಕಾದಾಸ್ ಶ್ರೀನಿವಾಸ್ ದಾವೆ ಹೂಡಿದರು. 1953ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟು, ಸುಗ್ರೀವಾಜ್ಞೆಯ ಜಾಗದಲ್ಲಿ ಬಂದ ಕಾಯ್ದೆಯನ್ನೇ ಅಸಿಂಧುಗೊಳಿಸಿತು. ಇದು ಬಂಡವಾಳಕ್ಕೆ ಹಣ ತೊಡಗಿಸಿದವರ ಜಗಳ, ಆಸ್ತಿಯ ಹಕ್ಕಿನ ಪ್ರಶ್ನೆ. ದೊಡ್ಡ ಮೊತ್ತವಿದ್ದವನಿಗೆ ಕೋರ್ಟು ತೆರೆದೇ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಸಣ್ಣ ಮೊತ್ತದವನಿಗೆ ಬೇರೆ ಬಾಗಿಲು ಬೇಕಾಗಿತ್ತು.

ಆ ಬಾಗಿಲಿಗೆ ಅಡಿಪಾಯ ಬಿದ್ದದ್ದು ಬಹುಮಟ್ಟಿಗೆ ಮಹಾರಾಷ್ಟ್ರದಲ್ಲೇ. 1966ರಲ್ಲಿ ಮುಂಬಯಿಯಲ್ಲಿ ಕನ್ಸ್ಯೂಮರ್ ಗೈಡನ್ಸ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. 1974ರಲ್ಲಿ ಬಿಂದುಮಾಧವ ಜೋಶಿಯವರ ಮುಂದಾಳ್ತನದಲ್ಲಿ ಪುಣೆಯಲ್ಲಿ ಗ್ರಾಹಕ ಪಂಚಾಯತ್ ಆರಂಭವಾಯಿತು. 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ 'ಅನುಚಿತ ವ್ಯಾಪಾರ ಪದ್ಧತಿ' ಎಂಬ ಪರಿಕಲ್ಪನೆ ಸೇರಿತು. 1985ರಲ್ಲಿ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿಯನ್ನು ಒಪ್ಪಿತು. ಮರುವರ್ಷ, 1986ರ ಡಿಸೆಂಬರ್ 24ರಂದು, ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು.

ಹೊಸ ಕಾಯ್ದೆ ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ ಎಂಬ ಮೂರು ಹಂತ ಕಟ್ಟಿತು. ಜಿಲ್ಲಾ ವೇದಿಕೆಯ ಮಿತಿ ಆಗ ಒಂದು ಲಕ್ಷ ರೂಪಾಯಿ. 1993ರಲ್ಲಿ ಅದು ಐದು ಲಕ್ಷಕ್ಕೆ, 2002ರ ತಿದ್ದುಪಡಿಯಿಂದ 20 ಲಕ್ಷಕ್ಕೆ ಏರಿತು. ಮೊದಲ ವರ್ಷಗಳಲ್ಲಿ ಶುಲ್ಕವೇ ಇರಲಿಲ್ಲ. ವಕೀಲರಿಲ್ಲದೆ ಗ್ರಾಹಕ ತಾನೇ ನಿಂತು ತನ್ನ ಮಾತು ಹೇಳಬಹುದಿತ್ತು. 'ಸೇವೆಯಲ್ಲಿ ಕೊರತೆ' ಎಂಬ ಮಾತು ಚಂದಾದಾರನ ಕೈಗೆ ಸಿಕ್ಕಿದ್ದು ಈ ಕಾಯ್ದೆಯಿಂದ. ಕರಾರಿನ ಸೂಕ್ಷ್ಮಗಳನ್ನು ಸಾಬೀತುಪಡಿಸುವ ಬದಲು, ಹಣ ಕಟ್ಟಿದ ರಶೀದಿ ತೋರಿಸಿ ಸೇವೆ ನಿಂತದ್ದನ್ನು ಹೇಳಿದರೆ ಪ್ರಕರಣ ನಿಲ್ಲುತ್ತಿತ್ತು.

ಸ್ಥಳದ ತೊಡಕು ಮಾತ್ರ ಮುಂದುವರಿಯಿತು. ಕಂಪನಿಯೋ ಅದರ ಶಾಖೆಯೋ ಇರುವ ಕಡೆ, ಇಲ್ಲವೇ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕೆಂದು 11ನೇ ಕಲಮು ಹೇಳಿತ್ತು. ಸೋನಿಕ್ ಸರ್ಜಿಕಲ್ ಪ್ರಕರಣದಲ್ಲಿ ಬೆಂಕಿ ಬಿದ್ದದ್ದು ಅಂಬಾಲದ ಗೋದಾಮಿಗೆ, ದೂರು ದಾಖಲಾದದ್ದು ಚಂಡೀಗಢದಲ್ಲಿ. ಎಲ್ಲೋ ಒಂದು ಶಾಖೆ ಇದೆಯೆಂದ ಮಾತ್ರಕ್ಕೆ ಅಲ್ಲಿ ದೂರು ಕೊಡಲಾಗದು, ಆ ಶಾಖೆಗೂ ದೂರಿನ ಕಾರಣಕ್ಕೂ ನಂಟಿರಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಅದೇ ವರ್ಷ ಟೆಲಿಫೋನ್ ಚಂದಾದಾರರಿಗೆ ಇನ್ನೊಂದು ಪೆಟ್ಟು ಬಿತ್ತು. ಬಿಲ್ಲು ಕಟ್ಟಿಲ್ಲವೆಂದು ಸಂಪರ್ಕ ಕಡಿಸಿಕೊಂಡ ಕೇರಳದ ಚಂದಾದಾರರೊಬ್ಬರಿಗೆ ಕೋಳಿಕ್ಕೋಡಿನ ಗ್ರಾಹಕ ವೇದಿಕೆ 2001ರಲ್ಲಿ ಮರುಸಂಪರ್ಕವನ್ನೂ 5,000 ರೂಪಾಯಿ ಪರಿಹಾರವನ್ನೂ ಕೊಡಿಸಿತ್ತು. ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನಲ್ಲಿ ಇಂಥ ವ್ಯಾಜ್ಯ ಮಧ್ಯಸ್ಥಗಾರರ ತೀರ್ಮಾನಕ್ಕೆ ಹೋಗಬೇಕೆಂದಿದೆ, ಆದ್ದರಿಂದ ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ಹದಿಮೂರು ವರ್ಷಗಳ ಮೇಲೆ, 2022ರ ಫೆಬ್ರುವರಿಯಲ್ಲಿ, ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಅದೇ ಕೋರ್ಟು ಬೇರೆ ನಿಲುವು ತಳೆದು, ದೂರಸಂಪರ್ಕದ ಚಂದಾದಾರನೂ ಗ್ರಾಹಕನೇ, ಅವನು ಗ್ರಾಹಕ ಆಯೋಗಕ್ಕೆ ಬರಬಹುದು ಎಂದಿತು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಗಡಿನಾಡಿಗೆ ತಂದ ದೊಡ್ಡ ಬದಲಾವಣೆ 34ನೇ ಕಲಮಿನಲ್ಲಿದೆ. ದೂರುದಾರ ತಾನು ವಾಸಿಸುವ ಇಲ್ಲವೇ ಸ್ವತಃ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ (ಹಿಂದಿನ ಜಿಲ್ಲಾ ವೇದಿಕೆ) ದೂರು ಕೊಡಬಹುದು. ಮನೆ ಅಕ್ಕಲಕೋಟೆಯಲ್ಲಿ, ಕಂಪನಿ ದೆಹಲಿಯಲ್ಲಿ ಇದ್ದರೂ ದೂರು ಸೊಲ್ಲಾಪುರದಲ್ಲೇ ನಡೆಯುತ್ತದೆ. ಅಫಜಲಪುರದಲ್ಲಿ ಸಂಸಾರವಿಟ್ಟು ಚಿಂಚೋಳಿ ಎಂಐಡಿಸಿಯಲ್ಲಿ ದುಡಿಯುವವನಿಗೆ ಕಲಬುರಗಿಯೂ ಆದೀತು, ಸೊಲ್ಲಾಪುರವೂ ಆದೀತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಅಕ್ಕಲಕೋಟೆ ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ ನಡೆದು 1967ರ ಮಹಾಜನ ಗಡಿ ಆಯೋಗದ ವರದಿಯವರೆಗೂ ಬಂದಿತ್ತು. ಚಂದಾದಾರನ ಮಟ್ಟಿಗೆ ಈ ಕಲಮು ರಾಜ್ಯದ ಗಡಿಯನ್ನು ಮುಖ್ಯವಲ್ಲದ ಸಂಗತಿ ಮಾಡಿತು.

ಹಣ ಮರಳಿಸುವ ವಿಷಯದಲ್ಲೂ ಕಾಯ್ದೆ ಸ್ಪಷ್ಟವಾಯಿತು. ಕೊರತೆಯುಳ್ಳ ಸೇವೆಯನ್ನು ನಿಲ್ಲಿಸಿ, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಸಕಾರಣವಿಲ್ಲದೆ ಒಂದೇ ಕಡೆಯವರು ಕರಾರು ರದ್ದುಪಡಿಸಬಹುದೆಂಬ ಷರತ್ತು 'ಅನ್ಯಾಯದ ಕರಾರು'. ಆದರೆ ಅನ್ಯಾಯದ ಕರಾರಿನ ದೂರನ್ನು ಕೇಳುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಇದೆ. ಹೀಗಾಗಿ ಜಿಲ್ಲಾ ಆಯೋಗದಲ್ಲಿ ಬರೆಯುವ ದೂರು ಸೇವಾ ಕೊರತೆ ಮತ್ತು ಅನುಚಿತ ಪದ್ಧತಿಯ ಮೇಲೆ ನಿಲ್ಲಬೇಕು.

ಚಂದಾದ ರೂಪ ಬದಲಾದಂತೆ ನಿಯಮಗಳೂ ಬಂದವು. ಕಾರ್ಡಿನಿಂದ ತಾನಾಗಿ ಹಣ ಕಡಿಯುವ ಚಂದಾಗಳಿಗೆ, ಕಡಿಯುವ 24 ಗಂಟೆ ಮೊದಲು ಗ್ರಾಹಕನಿಗೆ ಸಂದೇಶ ಕಳಿಸಿ, ಬೇಡವೆನ್ನಲು ಅವಕಾಶ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿಯಾಗಿ ಜಾರಿಯಾಯಿತು. 2023ರ ನವೆಂಬರ್ 30ರಂದು ಹೊರಬಂದ ಗ್ರಾಹಕ ಸಂರಕ್ಷಣೆಯ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಮೋಸದ ತಂತ್ರಗಳನ್ನು ಪಟ್ಟಿ ಮಾಡಿತು. ಚಂದಾ ಬಲೆ ಅವುಗಳಲ್ಲಿ ಒಂದು. ಸೇರುವ ಗುಂಡಿ ಕಣ್ಣೆದುರು, ಬಿಡುವ ಗುಂಡಿ ಐದಾರು ಪುಟದ ಹಿಂದೆ ಅಡಗಿರುವುದು ಇದರ ಸಾಮಾನ್ಯ ಲಕ್ಷಣ.

ಇಷ್ಟಾದ ಮೇಲೂ ದೂರು ಕೊಡಬೇಕೇ ಎಂಬ ಪ್ರಶ್ನೆ ಲೆಕ್ಕದ್ದೇ. ವರ್ಷಕ್ಕೆ 1,200 ರೂಪಾಯಿ ಕಟ್ಟಿದ ಸೇವೆ ಐದು ತಿಂಗಳಿಗೆ ನಿಂತಿತೆಂದರೆ ಉಳಿದ ಏಳು ತಿಂಗಳ ಪಾಲು 700 ರೂಪಾಯಿ. ಚಿಂಚೋಳಿಯಲ್ಲಿ ಪಾಳಿಯ ಮೇಲೆ ದುಡಿಯುವವನು ಮೂರು ಸಲ ಆಯೋಗಕ್ಕೆ ಹೋದರೆ ಮೂರು ದಿನದ ಪಗಾರ ಹೋಗುತ್ತದೆ. ಆದ್ದರಿಂದ ಮೊದಲ ಮೆಟ್ಟಿಲು ಕಂಪನಿಗೆ ಬರಹದಲ್ಲಿ ದೂರು, ಎರಡನೆಯದು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ಹಣ ಕಟ್ಟಿದ ರಶೀದಿ, ಬ್ಯಾಂಕಿನ ಸಂದೇಶ, ರದ್ದತಿಯ ಪತ್ರ, ನೋಟಿಸಿನ ಪ್ರತಿ ಮತ್ತು ಪ್ರಮಾಣಪತ್ರ ಕೂಡಿಸಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 2025ರ ಆರಂಭದಲ್ಲಿ ಶುರುವಾದ ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಲು ದಾರಿಯಿದೆ. ಕಂಪನಿ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. 45 ದಿನ ದಾಟಿದ ಉತ್ತರವನ್ನು ಸ್ವೀಕರಿಸುವಂತಿಲ್ಲವೆಂದು 2020ರಲ್ಲಿ ಸಂವಿಧಾನ ಪೀಠ ಹೇಳಿದೆ. ಆಯೋಗ ಚಂದಾ ಹಣದ ಜೊತೆಗೆ ಪರಿಹಾರವನ್ನೂ ದಾವೆಯ ಖರ್ಚನ್ನೂ ಕೊಡಿಸಬಹುದಾದ್ದರಿಂದ, 700 ರೂಪಾಯಿಯ ದೂರು ಈಗ ಹಿಂದಿನಷ್ಟು ನಷ್ಟದ ಬಾಬಲ್ಲ. ಆದೇಶ ಪಾಲಿಸದವರಿಗೆ 72ನೇ ಕಲಮಿನಲ್ಲಿ ಜೈಲು ಮತ್ತು ದಂಡದ ಅವಕಾಶವಿದೆ.

ಮೂರನೆಯ ಗಡಿ ಕಾರ್ಖಾನೆಯ ಗೇಟು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, 1962ರಲ್ಲಿ ಸ್ಥಾಪನೆಯಾಯಿತು. ಸೊಲ್ಲಾಪುರದಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯ ಚಿಂಚೋಳಿ ವಸಾಹತು, ಚಾದರ ಟವೆಲುಗಳಿಗೆ ಹೆಸರಾದ ಅಕ್ಕಲಕೋಟೆ ರಸ್ತೆಯ ವಸಾಹತು ಎರಡೂ ಅದರವು. ಇಲ್ಲಿನ ಘಟಕವೊಂದು ಲೆಕ್ಕಪತ್ರದ ಸಾಫ್ಟ್‌ವೇರಿಗೆ ಚಂದಾ ಕಟ್ಟಿ, ಅದು ನಡುವೆ ರದ್ದಾದರೆ ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯದು. 1986ರ ಮೂಲ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡ ಸರಕನ್ನು ಮಾತ್ರ ಹೊರಗಿಟ್ಟಿತ್ತು. ವಾಣಿಜ್ಯ ಉದ್ದೇಶದ ಸೇವೆಯನ್ನು ಹೊರಗಿಟ್ಟದ್ದು 2003ರ ಮಾರ್ಚಿನಿಂದ ಜಾರಿಯಾದ ತಿದ್ದುಪಡಿ. ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದಿತ್ತು. ಟೈಪ್‌ರೈಟರ್ ಕೊಂಡು ತಾನೇ ಬೆರಳಚ್ಚು ಮಾಡಿ ಬದುಕುವವನು, ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕ. ಲಾಭಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಉದ್ಯಮ ನಡೆಸುವವನು ಅಲ್ಲ. ಹೀಗೆ ಒಂದೇ ಮಗ್ಗವನ್ನು ಕೊಂಡು ತಾನೇ ನೇಯುವವನು ಒಳಗೆ, ಮಗ್ಗದ ಸಾಲನ್ನು ಕೂಲಿಯವರಿಂದ ನಡೆಸುವವನು ಹೊರಗೆ. ಸ್ವಂತ ದುಡಿಮೆಯವರಿಗಿರುವ ಈ ವಿನಾಯಿತಿ 2002ರ ತಿದ್ದುಪಡಿಯಲ್ಲಿ ಸರಕು, ಸೇವೆ ಎರಡನ್ನೂ ಹೆಸರಿಸಿತ್ತು. 2019ರ ಕಾಯ್ದೆಯ ವಿವರಣೆಯಲ್ಲಿ ಸರಕಿನ ಮಾತಷ್ಟೇ ಉಳಿದಿದೆ.

ಹೊರಗುಳಿದ ಘಟಕಕ್ಕೆ ಹಳೆಯ ಸಿವಿಲ್ ಕೋರ್ಟೇ ದಾರಿ. ಮೂರು ಲಕ್ಷ ರೂಪಾಯಿ ಮತ್ತು ಮೇಲಿನ ವಾಣಿಜ್ಯ ವ್ಯಾಜ್ಯವಾದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ತುರ್ತು ಮಧ್ಯಂತರ ಪರಿಹಾರ ಬೇಡದಿದ್ದರೆ ದಾವೆಗೆ ಮೊದಲು ರಾಜಿ ಮಾತುಕತೆ ಕಡ್ಡಾಯ. ಚಂದಾ ಕರಾರಿನಲ್ಲಿ ವ್ಯಾಜ್ಯ ಇಂಥ ಊರಿನ ಕೋರ್ಟಿನಲ್ಲೇ ನಡೆಯಬೇಕೆಂಬ ಷರತ್ತಿದ್ದು, ಆ ಊರಿಗೂ ವ್ಯವಹಾರಕ್ಕೂ ನಂಟಿದ್ದರೆ ಅದಕ್ಕೆ ಬದ್ಧರಾಗಬೇಕೆಂಬ ನಿಯಮ 1989ರ ಎಬಿಸಿ ಲ್ಯಾಮಿನಾರ್ಟ್ ತೀರ್ಪಿನಿಂದ ನೆಲೆಯೂರಿದೆ. ಗೇಟಿನ ಹೊರಗೆ ತನ್ನ ಮೊಬೈಲಿನ ಚಂದಾಕ್ಕಾಗಿ ದೂರುವ ಕಾರ್ಮಿಕನಿಗೆ ಎರಡು ವರ್ಷದ ಕಾಲಮಿತಿ ಮತ್ತು ತನ್ನ ಜಿಲ್ಲೆಯ ಆಯೋಗ. ಗೇಟಿನ ಒಳಗಿನ ಘಟಕಕ್ಕೆ ಮೂರು ವರ್ಷದ ಕಾಲಮಿತಿ ಮತ್ತು ಕರಾರು ಹೇಳಿದ ಊರು.