ಎರಡೇ ವರ್ಷದಲ್ಲಿ ನರ್ಸಿಂಗ್ ಪದವಿ: ಹೈದರಾಬಾದ್‌ನಲ್ಲಿ ಓದುವವರು ವಾರ್ಡ್ ಡ್ಯೂಟಿ, ಓದು ಎರಡನ್ನೂ ನಿಭಾಯಿಸುವುದು ಹೇಗೆ?

ಜಿಎನ್‌ಎಂ ಡಿಪ್ಲೊಮಾ ಮುಗಿಸಿದ ನರ್ಸ್‌ಗಳಿಗೆ ಪದವಿ ಪಡೆಯಲು ಇರುವ ಹತ್ತಿರದ ದಾರಿ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್. ನಾಲ್ಕು ವರ್ಷದ ಬಿಎಸ್ಸಿ ಬದಲು ಎರಡೇ ವರ್ಷದಲ್ಲಿ ಪದವಿ ಕೈಗೆ ಬರುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ದೊಡ್ಡ ಸರ್ಕಾರಿ ಆಸ್ಪತ್ರೆಗಳೂ ಕಾರ್ಪೊರೇಟ್ ಆಸ್ಪತ್ರೆಗಳೂ ಒಂದೇ ಊರಿನಲ್ಲಿ ಸಿಗುವುದು ಇನ್ನೊಂದು ಆಕರ್ಷಣೆ.

ಅಮೆರಿಕದಲ್ಲಿ ಬೇರೆ ವಿಷಯದ ಪದವೀಧರರು 12ರಿಂದ 18 ತಿಂಗಳಲ್ಲಿ ನರ್ಸಿಂಗ್ ಪದವಿ ಮುಗಿಸುವ ಕೋರ್ಸ್‌ಗಳಿವೆ. ಭಾರತದಲ್ಲಿ ಅಂಥ ದಾರಿ ಇಲ್ಲ. ಬಿಕಾಂ ಓದಿದವರೂ ಇಲ್ಲಿ ನರ್ಸಿಂಗ್‌ಗೆ ಬರಬೇಕಾದರೆ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಆದ್ದರಿಂದ ನಮ್ಮಲ್ಲಿ ‘ಬೇಗ ಮುಗಿಯುವ ಪದವಿ’ ಎಂದರೆ ಈಗಾಗಲೇ ನರ್ಸ್ ಆಗಿ ನೋಂದಣಿಯಾದವರ ಎರಡು ವರ್ಷದ ಕೋರ್ಸ್ ಎಂದೇ ಅರ್ಥ.

ವರ್ಷ ಕಡಿಮೆಯಾಯಿತೆಂದು ವಾರ್ಡ್‌ನ ಗಂಟೆಗಳೇನೂ ಹಗುರವಾಗುವುದಿಲ್ಲ. ಸೇರಿದ ಮೇಲೆ ಹಲವರು ತಬ್ಬಿಬ್ಬಾಗುವುದು ಇಲ್ಲಿಯೇ.

ಲೆಕ್ಕ ಏನು ಹೇಳುತ್ತದೆ?

ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದ ಪ್ರಕಾರ ಮೊದಲ ವರ್ಷ 525 ಗಂಟೆ ಪಾಠ, 810 ಗಂಟೆ ಪ್ರಾಯೋಗಿಕ. ಎರಡನೇ ವರ್ಷ 345 ಗಂಟೆ ಪಾಠ, 855 ಗಂಟೆ ಪ್ರಾಯೋಗಿಕ. ಒಟ್ಟು 2,535 ಗಂಟೆಗಳಲ್ಲಿ 1,665 ಗಂಟೆ, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು, ತರಗತಿಯ ಹೊರಗೆ. ಲ್ಯಾಬ್, ಪಾಠ ಮಾಡುವ ಅಭ್ಯಾಸ, ಸಂಶೋಧನಾ ಪ್ರಾಜೆಕ್ಟ್‌ಗಳೂ ಇದರಲ್ಲಿ ಸೇರಿವೆ. ಅವನ್ನು ಬಿಟ್ಟರೂ ಆಸ್ಪತ್ರೆ ಮತ್ತು ಸಮುದಾಯದ ಪೋಸ್ಟಿಂಗ್‌ಗೆ 1,410 ಗಂಟೆ ಉಳಿಯುತ್ತದೆ: ತಾಯಿಯ ಆರೈಕೆ 240, ಮಕ್ಕಳ ಆರೈಕೆ 240, ಮೆಡಿಕಲ್ ಸರ್ಜಿಕಲ್ 270, ಸಮುದಾಯ ಆರೋಗ್ಯ 240, ಮಾನಸಿಕ ಆರೋಗ್ಯ 240, ನರ್ಸಿಂಗ್ ಆಡಳಿತ 180.

ದಿನಕ್ಕೆ ಆರು ಗಂಟೆಯ ಡ್ಯೂಟಿ ಎಂದು ಹಿಡಿದರೆ ಇದು 235 ದಿನ. ಮೊದಲ ವರ್ಷ ಹೆಚ್ಚು ಭಾರ. ರಜೆ, ಹಬ್ಬ, ಪರೀಕ್ಷೆ ಕಳೆದು 37 ವಾರ ಸಿಗುತ್ತದೆ ಎಂದುಕೊಂಡರೆ ವಾರಕ್ಕೆ 36 ಗಂಟೆ ಕಾಲೇಜಿಗೇ ಹೋಗುತ್ತದೆ. ಕೇಸ್ ಸ್ಟಡಿ, ಕೇರ್ ಪ್ಲಾನ್ ಬರೆಯುವ ಸಮಯ, ಸಿಟಿ ಬಸ್ಸಿನಲ್ಲಿ ಕಳೆಯುವ ಸಮಯ ಈ 36ರೊಳಗೆ ಬರುವುದಿಲ್ಲ.

ಶೇ 80ರ ನಿಯಮ, ಶೇ 100ರ ನಿಯಮ

ಹಾಜರಾತಿಯಲ್ಲಿ ಎರಡು ನಿಯಮಗಳಿವೆ. ಪರೀಕ್ಷೆಗೆ ಕೂರಲು ಪ್ರತಿ ವಿಷಯದ ಪಾಠ ಮತ್ತು ಪ್ರಾಯೋಗಿಕ ಎರಡರಲ್ಲೂ ಕನಿಷ್ಠ ಶೇ 80 ಬೇಕು; ಗೈರಿಗೆ ಕಾರಣ ಏನೇ ಇರಲಿ. ಆದರೆ ಪದವಿ ಪಡೆಯಲು ಪ್ರತಿಯೊಂದು ಪ್ರಾಯೋಗಿಕ ವಿಭಾಗದಲ್ಲೂ ಶೇ 100 ಆಗಿರಲೇಬೇಕು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ, ಎರಡನೆಯದನ್ನು ಮರೆಯುವವರೇ ಹೆಚ್ಚು.

ಒಂದು ಉದಾಹರಣೆ. ಹೆರಿಗೆ ವಾರ್ಡ್‌ನ 240 ಗಂಟೆ ಎಂದರೆ 40 ಡ್ಯೂಟಿ. ಡೆಂಗಿ ಜ್ವರ ಬಂದು ಎಂಟು ಡ್ಯೂಟಿ ತಪ್ಪಿದರೂ 192 ಗಂಟೆ, ಸರಿಯಾಗಿ ಶೇ 80 ಆಗುತ್ತದೆ. ಹಾಲ್ ಟಿಕೆಟ್ ಸಿಗುತ್ತದೆ, ಪಾಸೂ ಆಗಬಹುದು. ಆದರೆ ಆ 48 ಗಂಟೆ ಸಾಲವಾಗಿ ಉಳಿಯುತ್ತದೆ. ತೀರಿಸಲು ಹೋಗುವ ಹೊತ್ತಿಗೆ ಬ್ಯಾಚ್ ಮಕ್ಕಳ ವಾರ್ಡ್‌ಗೆ ಹೋಗಿರುತ್ತದೆ, ಆಸ್ಪತ್ರೆ ಕೊಟ್ಟ ಅನುಮತಿಯ ದಿನಾಂಕ ಮುಗಿದಿರುತ್ತದೆ, ಜೊತೆಗೆ ಬರಲು ಟ್ಯೂಟರ್ ಇರುವುದಿಲ್ಲ. ಕೊನೆಗೆ ರಜೆಯಲ್ಲಿ ಅಥವಾ ಕೋರ್ಸ್ ಮುಗಿದ ಮೇಲೆ ಒಬ್ಬರೇ ನಿಂತು ಡ್ಯೂಟಿ ಮಾಡಬೇಕಾಗುತ್ತದೆ. ಎರಡು ವರ್ಷದ ಕೋರ್ಸ್ ಎರಡೂವರೆ ವರ್ಷಕ್ಕೆ ಎಳೆಯುವುದು ಹೀಗೆ.

ಇದಕ್ಕೆ ಇರುವ ಉಪಾಯ ಸರಳ: ತಪ್ಪಿದ ಗಂಟೆಯನ್ನು ಅದೇ ಪೋಸ್ಟಿಂಗ್ ಮುಗಿಯುವ ಮುನ್ನವೇ ತುಂಬಿಕೊಳ್ಳುವುದು. ಭಾನುವಾರ ಅಥವಾ ಮಧ್ಯಾಹ್ನದ ಪಾಳಿಯಲ್ಲಿ ಹೆಚ್ಚುವರಿ ಡ್ಯೂಟಿಗೆ ಕ್ಲಿನಿಕಲ್ ಕೋಆರ್ಡಿನೇಟರ್ ಬಳಿ ಲಿಖಿತವಾಗಿ ಕೇಳಿಕೊಂಡು, ಮಾಡಿದ ದಿನವೇ ಲಾಗ್‌ಬುಕ್‌ಗೆ ಸಹಿ ಹಾಕಿಸಿಕೊಳ್ಳಬೇಕು. ‘ಆಮೇಲೆ ಒಟ್ಟಿಗೆ ಹಾಕಿಸೋಣ’ ಎಂದು ಬಿಟ್ಟರೆ ವಾರ್ಡ್ ಸಿಸ್ಟರ್‌ಗೆ ವರ್ಗಾವಣೆ ಆಗಿರುತ್ತದೆ, ಇಲ್ಲವೇ ಟ್ಯೂಟರ್ ಕೆಲಸ ಬಿಟ್ಟಿರುತ್ತಾರೆ.

ಆಸ್ಪತ್ರೆ ಎಲ್ಲಿ, ಹಾಸ್ಟೆಲ್ ಎಲ್ಲಿ?

ಎಲ್ಲ ಅನುಭವವೂ ಒಂದೇ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಕಾಲೇಜಿನ ಸ್ವಂತ ಆಸ್ಪತ್ರೆಯಲ್ಲಿ ಹೆರಿಗೆ ಕಡಿಮೆಯಿದ್ದರೆ, ಮನೋರೋಗ ವಿಭಾಗವೇ ಇಲ್ಲದಿದ್ದರೆ ಬೇರೆ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಇಂಥ ಆಸ್ಪತ್ರೆ 15ರಿಂದ 30 ಕಿ.ಮೀ. ವ್ಯಾಪ್ತಿಯಲ್ಲಿರಬೇಕು ಎನ್ನುವುದು ಪರಿಷತ್ತಿನ ಮಾನದಂಡ. ಹೈದರಾಬಾದ್‌ನ ಬೆಳಗಿನ ಟ್ರಾಫಿಕ್‌ನಲ್ಲಿ 30 ಕಿ.ಮೀ. ಎಂದರೆ ಏನೆಂದು ಊರು ನೋಡಿದವರಿಗೆ ಹೇಳಬೇಕಿಲ್ಲ.

ಸರ್ಕಾರಿ ಆಸ್ಪತ್ರೆಗಳು ಊರಿನ ತುಂಬ ಹರಡಿವೆ. ಮಾನಸಿಕ ಆರೋಗ್ಯ ಸಂಸ್ಥೆ ಎರ್ರಗಡ್ಡದಲ್ಲಿ, ಮಕ್ಕಳ ನಿಲೋಫರ್ ಆಸ್ಪತ್ರೆ ರೆಡ್ ಹಿಲ್ಸ್‌ನಲ್ಲಿ, ದೊಡ್ಡ ಹೆರಿಗೆ ಆಸ್ಪತ್ರೆಗಳು ಪೇಟ್ಲಬುರ್ಜ್ ಮತ್ತು ಸುಲ್ತಾನ್ ಬಜಾರ್‌ನಲ್ಲಿ, ನಿಮ್ಸ್ ಪಂಜಗುಟ್ಟದಲ್ಲಿ, ಸಾಂಕ್ರಾಮಿಕ ರೋಗಗಳ ಫೀವರ್ ಆಸ್ಪತ್ರೆ ನಲ್ಲಕುಂಟದಲ್ಲಿ. ಮಿಯಾಪುರ–ಎಲ್‌.ಬಿ. ನಗರ ಮೆಟ್ರೊ ಮಾರ್ಗದಲ್ಲಿ ಎರ್ರಗಡ್ಡ, ಪಂಜಗುಟ್ಟ ಮತ್ತು ನಿಲೋಫರ್‌ಗೆ ಹತ್ತಿರದ ಲಕ್ಡಿಕಾಪುಲ್ ಮೂರೂ ಬರುತ್ತವೆ. ಗಾಂಧಿ ಆಸ್ಪತ್ರೆಗೆ ಜೆಬಿಎಸ್–ಎಂಜಿಬಿಎಸ್ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಹೊಸಬರು ಒಂದು ವಿಷಯ ಗಮನಿಸಬೇಕು: ‘ಉಸ್ಮಾನಿಯಾ ಮೆಡಿಕಲ್ ಕಾಲೇಜ್’ ಮೆಟ್ರೊ ನಿಲ್ದಾಣ ಇರುವುದು ಕೋಠಿಯಲ್ಲಿ, ಉಸ್ಮಾನಿಯಾ ಜನರಲ್ ಆಸ್ಪತ್ರೆ ಇರುವುದು ಅಫ್ಜಲ್‌ಗಂಜ್‌ನಲ್ಲಿ. ಆಸ್ಪತ್ರೆಯ ಹಳೆಯ ಪಾರಂಪರಿಕ ಕಟ್ಟಡಕ್ಕೆ 2020ರ ಜುಲೈನಲ್ಲಿ ಮಳೆನೀರು ನುಗ್ಗಿ ವಾರ್ಡ್‌ಗಳನ್ನು ಬೇರೆ ಕಟ್ಟಡಗಳಿಗೆ ಸಾಗಿಸಿದ್ದರಿಂದ, ಅದಕ್ಕೂ ಮುಂಚೆ ಓದಿದ ಸೀನಿಯರ್‌ಗಳು ಹೇಳುವ ಗುರುತುಗಳು ಈಗ ಹೊಂದುವುದಿಲ್ಲ.

ಆದ್ದರಿಂದ ಹಾಸ್ಟೆಲ್ ಅಥವಾ ಪಿಜಿ ಹಿಡಿಯುವ ಮೊದಲೇ ವರ್ಷದ ರೊಟೇಷನ್ ಪ್ಲಾನ್ ಕೇಳಿ ಪಡೆಯುವುದು ಒಳ್ಳೆಯದು. ಕಾಲೇಜಿಗೆ ಹತ್ತಿರ ಮನೆ ಮಾಡುವುದಕ್ಕಿಂತ ಮೆಟ್ರೊಗೆ ಹತ್ತಿರ ಮಾಡುವುದು ಎಷ್ಟೋ ಸಲ ಲಾಭ. ಖರ್ಚಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ: 2023ರ ಡಿಸೆಂಬರ್ 9ರಿಂದ ಜಾರಿಯಲ್ಲಿರುವ ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯ ಉಚಿತ ಬಸ್ ಪ್ರಯಾಣ ಆ ರಾಜ್ಯದ ನಿವಾಸಿ ಮಹಿಳೆಯರಿಗೆ ಮಾತ್ರ. ನಮ್ಮ ‘ಶಕ್ತಿ’ ಅಲ್ಲಿ ನಡೆಯದು.

ಸಮುದಾಯ, ಮಾನಸಿಕ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಭಾಷೆಯೇ ಅರ್ಧ ಕೆಲಸ. ರೋಗಿಗಳು ತೆಲುಗು ಇಲ್ಲವೇ ದಖನಿ ಉರ್ದು ಮಾತನಾಡುತ್ತಾರೆ. ಬೀದರ್, ಕಲಬುರಗಿ ಕಡೆಯವರಿಗೆ ದಖನಿ, ರಾಯಚೂರಿನವರಿಗೆ ತೆಲುಗು ಕಿವಿಗೆ ಬಿದ್ದೇ ಇರುತ್ತದೆ. ಈ ವಿಷಯದಲ್ಲಿ ಗಡಿ ಜಿಲ್ಲೆಯವರೇ ಮುಂದು. ಹಾಸನ, ಮಂಗಳೂರು ಕಡೆಯಿಂದ ಹೋದವರು ನೋವು, ಮಲಮೂತ್ರ, ಊಟ, ನಿದ್ದೆ, ಮುಟ್ಟು ಕುರಿತ ಪ್ರಶ್ನೆಗಳನ್ನು ಎರಡೂ ಭಾಷೆಯಲ್ಲಿ ಮೊದಲ ತಿಂಗಳೇ ಕಲಿತುಕೊಂಡರೆ ಕೇಸ್ ಶೀಟ್ ಬರೆಯುವ ಸಮಯ ಬಹಳ ಉಳಿಯುತ್ತದೆ.

ರಾತ್ರಿ ಕೆಲಸ, ಹಗಲು ಪೋಸ್ಟಿಂಗ್

ಯಾರೂ ಬಾಯಿಬಿಟ್ಟು ಹೇಳದ ಸಮಸ್ಯೆ ಇದು. ಪೋಸ್ಟ್ ಬೇಸಿಕ್‌ಗೆ ಬರುವವರು ಈಗಾಗಲೇ ಸಂಬಳ ಎಣಿಸಿದವರು. ಊರಿಗೆ ಹಣ ಕಳಿಸಬೇಕು, ಶುಲ್ಕ ಕಟ್ಟಬೇಕು. ಹೀಗಾಗಿ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ, ಬೆಳಗ್ಗೆ ಅಲ್ಲಿಂದ ನೇರವಾಗಿ ಪೋಸ್ಟಿಂಗ್‌ಗೆ ಬರುವವರಿದ್ದಾರೆ. ಎರಡು ವರ್ಷದ ರೆಗ್ಯುಲರ್ ಕೋರ್ಸ್ ಪೂರ್ಣಾವಧಿಯದು. ಕೆಲಸದ ಜೊತೆ ನಡೆಸಲೆಂದು ರೂಪಿಸಿದ್ದಲ್ಲ.

ಸಂಜೆ 5ಕ್ಕೆ ಎದ್ದು ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಕೆಲಸ ಮಾಡಿ, ಮಧ್ಯಾಹ್ನ 2ರವರೆಗೆ ವಾರ್ಡ್‌ನಲ್ಲಿ ನಿಂತರೆ 21 ಗಂಟೆ ನಿದ್ದೆಯಿಲ್ಲ. ಸುಮಾರು 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆಯ ವೇಗ, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾ ಸಂಶೋಧಕರ ಅಧ್ಯಯನ ತೋರಿಸಿದೆ. ಭಾರತದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿಯೇ ಶೇ 0.03. ಗಾಡಿ ಓಡಿಸಲೂ ಬಾರದ ಸ್ಥಿತಿಯಲ್ಲಿ ಮಗುವಿಗೆ ಇಂಜೆಕ್ಷನ್ ಡೋಸ್ ಲೆಕ್ಕ ಹಾಕುವುದು ಎಂಥ ಅಪಾಯ ಎಂದು ಇದರಿಂದಲೇ ತಿಳಿಯುತ್ತದೆ.

ಸಂಬಳ ಬಿಡಲು ಸಾಧ್ಯವೇ ಇಲ್ಲದವರಿಗೆ ಇಗ್ನೋದ ಪೋಸ್ಟ್ ಬೇಸಿಕ್ ಕೋರ್ಸ್ ಇದೆ. ಕನಿಷ್ಠ ಮೂರು ವರ್ಷದ್ದು, ಜಿಎನ್‌ಎಂ ನಂತರ ಕೆಲಸದ ಅನುಭವ ಇರಬೇಕು. ಒಂದು ವರ್ಷ ಹೆಚ್ಚು, ನಿಜ. ರೆಗ್ಯುಲರ್ ಕೋರ್ಸ್‌ಗೆ ಸೇರಿ ರಾತ್ರಿ ದುಡಿದು, ಗಂಟೆಗಳ ಸಾಲ ಬೆಳೆಸಿಕೊಳ್ಳುವುದಕ್ಕಿಂತ ಇದು ಮೇಲು.

ವಾರ್ಡ್‌ಗೆ ಕಾಲಿಡುವ ಮುನ್ನ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಮೊದಲ ದಿನ, ಒಂದು ತಿಂಗಳು, ಆರು ತಿಂಗಳಿಗೆ. ಸೇರಿದ ಮೇಲೆ ಶುರು ಮಾಡಿದರೆ ಮೂರನೇ ಡೋಸ್ ಬರುವಷ್ಟರಲ್ಲಿ ಹೆರಿಗೆ ವಾರ್ಡ್ ಪೋಸ್ಟಿಂಗ್ ಮುಗಿದಿರಬಹುದು. ಹಿಂದೆ ಹಾಕಿಸಿಕೊಂಡಿದ್ದರೆ ದಾಖಲೆ ಹುಡುಕಿಟ್ಟುಕೊಳ್ಳಬೇಕು. ಸೂಜಿ ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧ ಬೇಕಾದರೆ ಎರಡು ಗಂಟೆಯೊಳಗೆ ಶುರುವಾಗುವುದು ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಡುವ ವಿದ್ಯಾರ್ಥಿಗಳು ಕಳೆದುಕೊಳ್ಳುವುದು ಈ ಗಂಟೆಗಳನ್ನೇ. ಬೇರೆ ಆಸ್ಪತ್ರೆಗೆ ಹೋದ ಮೊದಲ ದಿನವೇ ಯಾರಿಗೆ ವರದಿ ಮಾಡಬೇಕು, ಔಷಧ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಳ್ಳಬೇಕು.

ಬರಹದ ಕೆಲಸವನ್ನು ಪೋಸ್ಟಿಂಗ್‌ನ ಕೊನೆಯ ವಾರಕ್ಕೆ ಬಿಡಬಾರದು. ಕೇಸ್ ಸ್ಟಡಿಗೆ ರೋಗಿಯನ್ನು ಮೊದಲ ವಾರವೇ ಆರಿಸಿಕೊಂಡರೆ ದಾಖಲಾದಾಗಿನಿಂದ ಬಿಡುಗಡೆವರೆಗೆ ನೋಡಲು ಸಿಗುತ್ತದೆ. ಎರಡನೇ ವರ್ಷದ ಸಂಶೋಧನಾ ಪ್ರಾಜೆಕ್ಟ್‌ಗೆ ಆಸ್ಪತ್ರೆಯ ಅನುಮತಿ ಬರಲು ವಾರಗಟ್ಟಲೆ ಹಿಡಿಯಬಹುದು, ಅದರ ಪತ್ರವನ್ನು ವರ್ಷದ ಆರಂಭದಲ್ಲೇ ಕೊಡಬೇಕು.

ಊರಿಗೆ ಮರಳಿ ಕೆಲಸ ಮಾಡುವವರು ಪದವಿಯನ್ನು ಹೆಚ್ಚುವರಿ ಅರ್ಹತೆಯಾಗಿ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಬೇಕು. ಹೊರ ರಾಜ್ಯದ ಕಾಲೇಜಾದ್ದರಿಂದ ದಾಖಲೆ ಪರಿಶೀಲನೆಗೆ ಸಮಯ ಹಿಡಿಯಬಹುದು. ಅಂಕಪಟ್ಟಿ, ಕೋರ್ಸ್ ಪೂರ್ಣಗೊಳಿಸಿದ ಪ್ರಮಾಣಪತ್ರ, ಪ್ರಾಯೋಗಿಕ ಗಂಟೆಗಳ ವಿವರ ಇರುವ ಟ್ರಾನ್ಸ್‌ಕ್ರಿಪ್ಟ್ ಇವನ್ನು ಹೈದರಾಬಾದ್ ಬಿಡುವ ಮುನ್ನವೇ ಕೈಗೆ ತೆಗೆದುಕೊಳ್ಳುವುದು ವಾಸಿ. ವಿದೇಶಕ್ಕೆ ಅರ್ಜಿ ಹಾಕುವವರಿಗೆ ಆ ಟ್ರಾನ್ಸ್‌ಕ್ರಿಪ್ಟ್ ಮತ್ತೆ ಮತ್ತೆ ಬೇಕಾಗುತ್ತದೆ. ಒಂದಕ್ಕೆ ನಾಲ್ಕು ಪ್ರತಿ ಮಾಡಿಸಿಟ್ಟುಕೊಂಡರೆ ಮತ್ತೆ ರೈಲು ಹತ್ತುವುದು ತಪ್ಪುತ್ತದೆ.